ಮಲಗುವ ಮುಂದಿನ ಗುಳಿಗೆ

ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ನನ್ನ ಜಾಯಮಾನದಲ್ಲಿಲ್ಲ. ಈ ಎಪ್ಪತ್ತು ವರ್ಷ ಎಲ್ಲ ಗೊತ್ತಿದೆ ಎಂದೇ ಬದುಕಿದ್ದೇನೆ. ಸಿಕ್ಕಿಬಿದ್ದದ್ದು ಈ ಕೊಬ್ಬಿನ ಗುಳಿಗೆಯಿಂದ.

ಕನ್ನಡ-ತೆಲುಗು ಗಡಿಯ ನಮ್ಮ ಮಕ್ತಲ್‌ನಿಂದ ತಿಂಗಳಿಗೊಮ್ಮೆ ಬಸ್ಸು ಹತ್ತಿ ನಾರಾಯಣಪೇಟೆಯ ಡಾಕ್ಟರ ಹತ್ತಿರ ಹೋಗುತ್ತೇನೆ, ಒಬ್ಬಳೇ. ಸೊಸೆ ಪದ್ಮ ಗದ್ವಾಲದವಳು, ತೆಲುಗು ಅವಳ ತವರುಮಾತು. "ನಾನೂ ಬರ್ತೀನ್ರಿ ಅತ್ತಿ, ಡಾಕ್ಟರು ಬರೇ ತೆಲುಗು ಮಾತಾಡ್ತಾರ" ಎಂದು ಪ್ರತಿಸಲ ಚಪ್ಪಲಿ ಮೆಟ್ಟುತ್ತಾಳೆ. "ನನಗೇನ್ ತೆಲುಗು ಬರಂಗಿಲ್ಲೇನು? ಕುಂದ್ರು ಮನ್ಯಾಗ" ಎಂದು ಗದರುತ್ತೇನೆ. ನಿಜ ಹೇಳಬೇಕೆಂದರೆ, ಅಲ್ಲಿ ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ಭಜಿ ಕರಿಯುತ್ತಾರೆ. ಮನೆಯಲ್ಲಿ ಪದ್ಮ ಬಾಣಲೆಯನ್ನೇ ಅಟ್ಟ ಹತ್ತಿಸಿದ್ದಾಳೆ. ಅವಳು ಜೊತೆಗೆ ಬಂದರೆ ನನ್ನ ಭಜಿ ಮುಗಿದಂತೆಯೇ.

ರಕ್ತದಲ್ಲಿ ಕೊಬ್ಬು ಏರಿದೆ ಎಂದು ಗುಳಿಗೆ ಬರೆದುಕೊಟ್ಟ ಡಾಕ್ಟರು, "ಪಡುಕುನೇ ಮುಂದು ವೇಸ್ಕೋ ಅವ್ವಾ" ಎಂದರು. ಮಲಗುವ ಮುಂದೆ ತೆಗೆದುಕೋ ಎಂದು. ನಮ್ಮ ಕಡೆ "ಉಣ್ಣೋ ಮುಂದ ಮಾತಾಡಬ್ಯಾಡ" ಎಂದರೆ ಉಣ್ಣುತ್ತಿರುವಾಗ ಮಾತಾಡಬೇಡ ಎಂದರ್ಥ. ಹಾಗಾದರೆ ಇದೂ ಮಲಗಿಕೊಂಡೇ ತೆಗೆದುಕೊಳ್ಳುವ ಗುಳಿಗೆ. ಸಂಜೆ ಉಂಡು ಅಂಗಾತ ಮಲಗಿ ಗುಳಿಗೆ ಬಾಯಿಗಿಟ್ಟು ನೀರು ಸುರಿದುಕೊಂಡೆ. ನೀರು ಮೂಗಿಗೆ ಹೋಯಿತು, ಗುಳಿಗೆ ದಿಂಬಿಗೆ. ಇಂಗ್ಲಿಷ್ ಔಷಧ, ಇಷ್ಟು ತ್ರಾಸು ಇದ್ದದ್ದೇ ಎಂದು ಹತ್ತು ದಿನ ಸಾಧನೆ ಮಾಡಿದೆ. ಹನ್ನೊಂದನೆಯ ದಿನ ನನ್ನ ಕೆಮ್ಮು ಕೇಳಿ ಪದ್ಮ ಓಡಿಬಂದಳು.

"ಇದೇನ್ರಿ ಅತ್ತಿ, ಮಕ್ಕೊಂಡು ನೀರು ಕುಡ್ಯಾಕ ಹತ್ತೀರಿ?"

"ಡಾಕ್ಟರೇ ಹೇಳ್ಯಾರ, ಮಕ್ಕೊಳ್ಳೋ ಮುಂದ ತಗೋ ಅಂತ."

"ಅಯ್ಯ! ತೆಲುಗಿನ್ಯಾಗ ಮುಂದು ಅಂದ್ರ ಮೊದಲು ಅಂತ್ರೀ. ಮೊದಲು ನುಂಗ್ರಿ, ಆಮ್ಯಾಲ ಮಕ್ಕೊಳ್ರಿ!" ದಿಂಬು ಎತ್ತಿದಳು. ಅಡಿಯಲ್ಲಿ ನಾಲ್ಕು ಗುಳಿಗೆ. "ದಿಂಬಿನ ಕೊಬ್ಬು ಇಳಿದಿರಬೇಕು ಬಿಡ್ರಿ."

ಮುಂದಿನ ಸಲ ಅವಳು ಬಂದೇಬಂದಳು. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ಗುಳಿಗೆಗೆ ಇಂಥದೇ ಹೊತ್ತು ಎಂದಿಲ್ಲವಂತೆ, ದಿನಾ ಒಂದೇ ಹೊತ್ತಿಗೆ ನುಂಗಿದರೆ ಸಾಕಂತೆ, ಮರೆಯದಿರಲಿ ಎಂದು ಹಾಸಿಗೆಯ ಗುರುತು ಕೊಟ್ಟಿದ್ದರಂತೆ. ಒಂದೊಂದು ಮಾತನ್ನೂ ಪದ್ಮ ನನಗೆ ಗಟ್ಟಿಯಾಗಿ ಕನ್ನಡ ಮಾಡಿ ಹೇಳಿದಳು, ನಾನು ಕಿವುಡಿಯೂ ಎಂಬಂತೆ.

ಬಸ್‌ಸ್ಟ್ಯಾಂಡಿಗೆ ಬಂದಾಗ ತಲೆಗೆ ಸೆರಗು ಎಳೆದು, ಮುಖ ತಿರುಗಿಸಿ ಬಿರಬಿರನೆ ನಡೆದೆ. ಭಜಿಯವನ ಕಣ್ಣು ತಪ್ಪಿಸಲಾಗಲಿಲ್ಲ.

"ಯವ್ವಾ, ಹಂಗ್ಯಾಕ ಹೊಂಟಿ? ಎರಡು ಪ್ಲೇಟು ಇಲ್ಲೇ ತಿಂತಿ, ಒಂದು ಬಸ್ಸಿನ್ಯಾಗ ತಿನ್ನಾಕ ಕಟ್ಲೇನು, ಯಾವಾಗಿನಂಗ?"

ಅಚ್ಚ ಕನ್ನಡ. ಎರಡನೆಯ ಅರ್ಥಕ್ಕೆ ಜಾಗವೇ ಇರಲಿಲ್ಲ. ಪದ್ಮ ನನ್ನ ಮುಖ ನೋಡಿದಳು. ನಾನು ಕನ್ನಡವೇ ಬಾರದವಳ ಹಾಗೆ ಬಸ್ಸಿನ ದಾರಿ ನೋಡುತ್ತ ನಿಂತೆ.