ಗಣಪ್ಪನ ಪಾದದಲ್ಲಿಟ್ಟ ನಾಲ್ಕು ದನಿ

ಹಾಡು ಕಟ್ಟುವವನಿಗೆ ಎರಡು ಆಸೆಗಳಿರುತ್ತವೆ. ತನ್ನ ಹಾಡನ್ನು ಯಾರಾದರೂ ಹಾಡಬೇಕು ಅನ್ನುವುದು ಒಂದು. ಕಟ್ಟಿದವನು ಇವನೇ ಎಂದು ಊರಿಗೆಲ್ಲ ಗೊತ್ತಾಗಬೇಕು ಅನ್ನುವುದು ಇನ್ನೊಂದು. ಮೊದಲನೆಯದನ್ನು ಎಲ್ಲರ ಮುಂದೆ ಹೇಳಿಕೊಳ್ಳಬಹುದು. ನನಗೆ ಎರಡನೆಯದೇ ಸ್ವಲ್ಪ ಜಾಸ್ತಿ. ಹೊಸಪೇಟೆಯ ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಜೀವಮಾನವಿಡೀ ನೀರಿನ ಲೆಕ್ಕ ಬರೆದವನು ನಾನು. ನಿವೃತ್ತಿಯಾದ ಮೇಲೆ ಉಳಿದವರಿಗೆ ಸಕ್ಕರೆ ಕಾಯಿಲೆ ಬಂದರೆ ನನಗೆ ಸಂಗೀತ ಬಂತು. ಸಕ್ಕರೆ ಕಾಯಿಲೆಯೇ ಮೇಲಿತ್ತು, ಅದಕ್ಕೆ ಗುಳಿಗೆಯಾದರೂ ಸಿಗುತ್ತದೆ ಎಂಬುದು ನನ್ನ ಹೆಂಡತಿ ಪಂಪಾವತಿಯ ಅಭಿಪ್ರಾಯ.

ತಪ್ಪು ಪೂರ್ತಿ ನನ್ನದಲ್ಲ. ಸಂಡೂರಿನಲ್ಲಿ ಓದುವಾಗ ನಮಗೊಬ್ಬ ಸಂಗೀತದ ಮಾಸ್ತರಿದ್ದರು. ಹುಡುಗರನ್ನು ನಾಲ್ಕು ಗುಂಪು ಮಾಡಿ, ಒಂದೇ ಹಾಡನ್ನು ಒಂದೇ ಹೊತ್ತಿಗೆ ನಾಲ್ಕು ಬೇರೆ ಧಾಟಿಗಳಲ್ಲಿ ಹಾಡಿಸುತ್ತಿದ್ದರು. ಎಲ್ಲರೂ ಬೇರೆ ಬೇರೆ ಹಾಡಿದರೂ ಕೇಳುವವರಿಗೆ ಜಗಳ ಅನ್ನಿಸುತ್ತಿರಲಿಲ್ಲ. ಮದುವೆಯಾದ ಮೇಲಂತೂ ಅದೆಂಥ ದೊಡ್ಡ ವಿದ್ಯೆ ಎಂದು ನನಗೆ ಅರ್ಥವಾಯಿತು. ಅದೇ ಮಾದರಿಯಲ್ಲಿ ತುಂಗಭದ್ರೆಯ ಮೇಲೊಂದು ವೃಂದಗಾನ ಕಟ್ಟಿದೆ. ಮೇಲಿನ ದನಿ ತುಂಗೆ, ಅದರ ಕೆಳಗಿನದು ಭದ್ರೆ, ಮೂರನೆಯದು ಕಾಲುವೆ, ತೀರ ಕೆಳಗಿನ ಗಡಸು ದನಿ ಡ್ಯಾಮಿನ ಗೇಟು. ಪ್ರತಿ ಹಾಳೆಯಲ್ಲೂ ಅದೇ ಕ್ರಮದಲ್ಲಿ ಸ್ವರಗಳನ್ನು ಒಂದರ ಕೆಳಗೊಂದು ಬರೆದು ದಾರದಲ್ಲಿ ಹೊಲಿದೆ. ಬಾಲ್‌ಪೆನ್ನಿನಲ್ಲಿ ಬರೆದದ್ದು ನೀರಿನ ಲೆಕ್ಕದಂತೆ ಕಾಣುತ್ತದೆಂದು ಇಂಕ್ ಪೆನ್ನಿನಲ್ಲೇ ಬರೆದೆ. ಜೆರಾಕ್ಸ್ ಮಾಡಿಸಲಿಲ್ಲ, ಅಂಗಡಿಯವನು ಧಾಟಿ ಕದ್ದಾನು ಎಂಬ ಭಯ. ಅದನ್ನು ಹಾಡಲೆಂದು ಒಟ್ಟು ಮಾಡಿದ್ದ ನಮ್ಮ ಕಾಲೋನಿಯ ಹಾಡುಗಾರರು ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳುತ್ತೇವೆ ಅಂದಾಗಲೂ ಬಿಡಲಿಲ್ಲ. ಕದಿಯುವ ಕಷ್ಟ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ ಎಂಬುದು ಈಗ ತಿಳಿದಿದೆ.

ತಂಡದವರು ತುಂಗೆಯನ್ನು ಕಲಿತು ಮುಗಿಸುವಷ್ಟರಲ್ಲಿ ಗಣೇಶನ ಹಬ್ಬ ಬಂತು. ಕಾಲೋನಿಯ ಪೆಂಡಾಲಿನಲ್ಲಿ ಮಕ್ಕಳು ಗಣಪ್ಪನ ಪಾದದ ಹತ್ತಿರ ಪಾಠದ ಪುಸ್ತಕ ಇಟ್ಟಿದ್ದನ್ನು ನೋಡಿ ನಾನೂ ನನ್ನ ಹಸ್ತಪ್ರತಿಯನ್ನು ತಂದಿಟ್ಟೆ. ಆಶೀರ್ವಾದ ಬೇಕಿತ್ತು, ನಿಜ. ಆದರೆ ಹೆಸರಿದ್ದ ರಟ್ಟು ಮೇಲೆ ಬರುವಂತೆ, ದರ್ಶನಕ್ಕೆ ಬಂದವರ ಕಣ್ಣಿಗೆ ಬೀಳುವಂತೆ ಇಟ್ಟಿದ್ದೂ ನಿಜ. ಮಕ್ಕಳು ತಮ್ಮ ಪುಸ್ತಕಗಳನ್ನು ಮರುದಿನವೇ ಒಯ್ದರು. ನನ್ನದು ಇನ್ನಷ್ಟು ಜನರ ಕಣ್ಣಿಗೆ ಬೀಳಲೆಂದು ಅಲ್ಲೇ ಉಳಿಯಿತು.

ನಮ್ಮ ಕಡೆ ಗಣಪ್ಪನನ್ನು ಕಳಿಸುವ ದಿನ ಸವಾಲು ನಡೆಯುತ್ತದೆ. ದೇವರ ಮುಂದೆ ಉಳಿದದ್ದೆಲ್ಲ ದೇವರದೇ. ಕಾಯಿ, ಲಿಂಬೆಹಣ್ಣು, ಶಲ್ಯ, ಲಾಡು ಎಲ್ಲವನ್ನೂ ಒಂದೊಂದಾಗಿ ಎತ್ತಿ ಹರಾಜು ಕೂಗುತ್ತಾರೆ. ಹಿಡಿದವರು ಅದನ್ನು ಮುಂದಿನ ಹಬ್ಬದವರೆಗೆ ಮನೆಯ ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡಬೇಕು. ನಡುವೆ ಹೊರಗೆ ಕೊಟ್ಟರೆ ಮನೆಯ ಲಕ್ಷ್ಮಿಯನ್ನೇ ಕೊಟ್ಟಂತೆ. ಆ ದಿನ ಸವಾಲು ಕೂಗುತ್ತಿದ್ದ ಹುಲುಗಪ್ಪ ಲಿಂಬೆಹಣ್ಣು ಮುಗಿಸಿ, ಕೈಗೆ ಸಿಕ್ಕ ನನ್ನ ಹಸ್ತಪ್ರತಿ ಎತ್ತಿ ಹಿಡಿದ.

"ಇದು ನಮ್ಮ ಸರ್ ಕಟ್ಟಿದ ಹಾಡು. ಗಣಪ್ಪನ ಪಾದದಾಗ ಕುಂತೈತಿ. ಯಾರು ಹಿಡೀತೀರಿ?"

ಎದ್ದು ನಿಂತು ಅದು ನನ್ನದು, ಕೊಡಪ್ಪಾ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಏಳಲಿಲ್ಲ. ನನ್ನ ಹಾಡಿಗೆ ಎಷ್ಟು ಬೆಲೆ ಬರುತ್ತದೋ ನೋಡೋಣ ಎಂಬ ಚಪಲ. ಯಾರೂ ಕೂಗಲಿಲ್ಲ. ಒಂದು ಲಿಂಬೆಹಣ್ಣಿಗೆ ಅಷ್ಟು ಹೊತ್ತು ಗುದ್ದಾಡಿದ ಜನ ಮೇಲಿನ ಸೀರಿಯಲ್ ದೀಪ ನೋಡತೊಡಗಿದರು. ಹಾಳೆಯ ಹಿಂಬದಿ ಖಾಲಿ ಇದೆಯೇ ಎಂದು ಒಬ್ಬರು ವಿಚಾರಿಸಿದರು. ನನಗೆ ಅವಮಾನವಾಯಿತು. ಆ ಸಿಟ್ಟಿನಲ್ಲಿ ನಾನೇ ಕೈಯೆತ್ತಿ ಕೂಗಿಬಿಟ್ಟೆ.

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಮಹಾಂತಪ್ಪನವರು ಮಗಳ ಮನೆಗೆಂದು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಬರೆದವನೇ ಕೂಗುತ್ತಾನೆಂದರೆ ಇದರಲ್ಲೇನೋ ಇದೆ ಅಂದುಕೊಂಡು ನನಗಿಂತ ಮೇಲೆ ಕೂಗಿದರು. ನನ್ನ ಹಾಡಿಗೆ ಪೈಪೋಟಿ ಬಂತಲ್ಲ ಎಂದು ಹಿಗ್ಗಿ ನಾನು ಇನ್ನೂ ಮೇಲೆ ಹೋದೆ. ಅವರೂ ಬಂದರು. ಹೆಂಗಸರ ಕಡೆಯಿಂದ ಪಂಪಾವತಿ ನನ್ನತ್ತ ನೋಡಿದ ನೋಟಕ್ಕೆ ನನ್ನ ಕೈ ತಾನಾಗಿ ಕೆಳಗಿಳಿಯಿತು. ಹಸ್ತಪ್ರತಿ ಕಂಪ್ಲಿಗೆ ಹೋಯಿತು.

ನೆನಪಿನಿಂದ ಬರೆದರಾಯಿತು ಎಂದು ಕೂತೆ. ತುಂಗೆ ಸಲೀಸಾಗಿ ಬಂದಳು. ಉಳಿದ ಮೂರು ದನಿಗಳು ಹಾರ್ಮೋನಿಯಂ ಮೇಲೆ ಬೆರಳು ಹೋದ ಹಾಗೆ ಹುಟ್ಟಿದ್ದವು. ಈಗ ಬೆರಳು ಅತ್ತ ಹೋಗಲೊಲ್ಲದು. ಒಮ್ಮೆಯಾದರೂ ನಾಲ್ಕು ದನಿಯಲ್ಲಿ ಕೇಳದೆ ಸಾಯುತ್ತೇನೇನೋ ಎಂದು ನಿಜಕ್ಕೂ ಸಂಕಟವಾಯಿತು. ನಾಚಿಕೆ ಬಿಟ್ಟು ಕಂಪ್ಲಿಗೆ ಬಸ್ಸು ಹತ್ತಿದೆ. ಮಹಾಂತಪ್ಪನವರು ಕುಂದ್ರಿಸಿ, ಚಹಾ ಕೊಟ್ಟು, ಹಾಡು ಮನೆಗೆ ಬಂದ ಮೇಲೆ ಗಿರಣಿ ಒಂದು ದಿನವೂ ಕೆಟ್ಟಿಲ್ಲವೆಂದು ನನ್ನ ಕೈ ಹಿಡಿದರು. ನಕಲು ಮಾಡಿಕೊಳ್ಳಲು ಹಸ್ತಪ್ರತಿಯನ್ನು ನಾಲ್ಕು ದಿನ ಕೊಡಿ ಎಂದು ಕೇಳಿದೆ.

"ಹೊರಗ ಕೊಡಾಕ ಬರಂಗಿಲ್ರಿ ಸರ್. ನೀವ ಬರ್ರಿ. ಕಟ್ಟಿದ ಬಟ್ಟಿ ಈಗ ಬಿಚ್ಚಂಗಿಲ್ಲ, ದೀಪಾವಳಿ ಲಕ್ಷ್ಮಿ ಪೂಜಾದಾಗ ದೇವರ ಮುಂದ ಬಿಚ್ಚಿಡ್ತೀನಿ, ನೋಡಿಕೊಂಡು ಹಾಡ್ರಿ."

ದೀಪಾವಳಿಗೆ ತಂಡದವರು, ಪಂಪಾವತಿ, ನಾನು ಎಲ್ಲ ಟೆಂಪೋ ಮಾಡಿಕೊಂಡು ಹೋದೆವು. ಜಗಲಿಯ ಮೇಲೆ ನನ್ನ ಹಸ್ತಪ್ರತಿ ಗೋಡೆಗೊರಗಿ ನಿಂತಿತ್ತು. ರೇಷ್ಮೆ ಬಟ್ಟೆ, ಮಲ್ಲಿಗೆ ದಂಡೆ, ಎರಡೂ ಕಡೆ ದೀಪ. ಮನೆಯಾಕೆ ಭಕ್ತಿಯಿಂದ ಬಟ್ಟೆ ಬಿಚ್ಚಿದರು. ಶುಕ್ರವಾರ ಶುಕ್ರವಾರ ಚಿಮುಕಿಸಿದ ತೀರ್ಥ, ದೀಪದ ಎಣ್ಣೆ, ಅರಿಶಿನ, ಕುಂಕುಮ ಎಲ್ಲ ಕೆಳಗಿಳಿದು ಪ್ರತಿ ಹಾಳೆಯಲ್ಲೂ ಭದ್ರೆ, ಕಾಲುವೆ, ಗೇಟು ಮೂರನ್ನೂ ಕಲಸಿ ಕೆಂಪು ರಾಡಿ ಮಾಡಿದ್ದವು. ಮೇಲಿನ ಸಾಲಿನ ತುಂಗೆಯೊಬ್ಬಳೇ ಬದುಕಿದ್ದಳು. ತಂಡದವರು ನನ್ನ ಮುಖ ನೋಡಿದರು. ನನಗೆ ಅಳು ಬಂದಿತ್ತು. ಆದರೆ ಮಂಗಳಾರತಿ ತಟ್ಟೆ ಹಚ್ಚಿಯಾಗಿತ್ತು, ಏನಾದರೂ ಹಾಡಲೇಬೇಕು. ಎಲ್ಲರೂ ತುಂಗೆಯನ್ನೇ ಹಾಡಿದರು, ಡ್ಯಾಮಿನ ಗೇಟಾಗಬೇಕಿದ್ದ ನಾನೂ ಹಾಡಿದೆ.

ಮುಗಿದಾಗ ಮಹಾಂತಪ್ಪನವರ ಕಣ್ಣಲ್ಲಿ ನೀರಿತ್ತು. ನಾಲ್ಕು ಥರ ಹಾಡುತ್ತಾರೆಂದು ಕೇಳಿ ಹೆದರಿದ್ದರಂತೆ, ಎಲ್ಲರೂ ಒಂದೇ ದನಿಯಲ್ಲಿ ಹಾಡಿದ್ದು ಭಾಳ ಛಂದಾತು ಅಂದರು. ಆ ಸಂತೋಷದಲ್ಲಿ ಪದ್ಧತಿಯನ್ನೂ ಬದಿಗಿಟ್ಟು ಹಸ್ತಪ್ರತಿಯನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು. "ಒಯ್ರಿ ಸರ್, ನಿಮ್ದು ನಿಮಗಿರ್ಲಿ."

ಕೈ ಚಾಚಿದೆ. ನಮ್ಮ ಮನೆಯಲ್ಲಿ ಅದು ಇರುತ್ತಿದ್ದ ಜಾಗ ನೆನಪಾಯಿತು: ಅಟ್ಟದ ಮೇಲೆ, ಕೆಟ್ಟ ಮಿಕ್ಸಿಯ ಪಕ್ಕ. ಕೈ ಹಿಂದೆ ತೆಗೆದುಕೊಂಡು ದೇವರದ್ದು ದೇವರ ಹತ್ತಿರವೇ ಇರಲಿ ಎಂದು ದೊಡ್ಡ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದೆ.

ವಾಪಸು ಬರುವಾಗ ಹೊಸಪೇಟೆಯ ದೀಪಗಳು ಕಾಣಿಸಿದ ಮೇಲೆ ಟೆಂಪೋದಲ್ಲಿ ಪಂಪಾವತಿ ಹೇಳಿದಳು. "ಛಲೋ ಆತು ಬಿಡ್ರಿ. ಈಗ ಅದು ಯಾರಿಗೂ ಓದಾಕ ಬರಂಗಿಲ್ಲ. ಇನ್ನ ನೀವು ದೊಡ್ಡ ಸಂಗೀತಗಾರರಾಗಾಕ ಏನೂ ಅಡ್ಡಿ ಇಲ್ಲ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ರಟ್ಟಿನ ಮೇಲಿನ ನನ್ನ ಹೆಸರಿಗೂ ಕುಂಕುಮ ಇಳಿದಿತ್ತೇ ಎಂದು ಸರಿಯಾಗಿ ನೋಡಿಕೊಂಡು ಬರಬೇಕಿತ್ತು ಅಂತ ನಾನು ಪೇಚಾಡುತ್ತಿದ್ದೆ.