ಕೊನೆಯ ಸ್ಥಾನವನ್ನು ಅಕ್ಕನಿಗೆ ಹಿಂದಿರುಗಿಸುವ ಕುರಿತು

ಕಾಡುದಾರಿ ಓಟದ ವ್ಯವಸ್ಥಾಪಕರಾದ ಮಾನ್ಯರೇ,

ಕಾಲು ಗಟ್ಟಿಯಿರುವ ತಮಗೆ, ಕಾಲು ಉಳುಕಿಸಿಕೊಂಡು ಕುಳಿತಿರುವ ನನ್ನ ನಮಸ್ಕಾರಗಳು. ಕಳೆದ ಭಾನುವಾರದ ಓಟದಲ್ಲಿ ನನಗೆ ಕೊನೆಯ ಸ್ಥಾನ ದಯಪಾಲಿಸಿ, 'ಛಲಗಾರ' ಎಂದು ಕೊರೆಸಿದ ಬಹುಮಾನದ ಬಟ್ಟಲನ್ನು ಕೈಗಿತ್ತು ಮೈಕಿನಲ್ಲಿ ಹೊಗಳಿದ್ದಕ್ಕೆ ಕೃತಜ್ಞನಾಗಿದ್ದೇನೆ. ಅದನ್ನು ದಯವಿಟ್ಟು ವಾಪಸು ಪಡೆಯಬೇಕೆಂದು ಪ್ರಾರ್ಥಿಸುತ್ತೇನೆ. ಆ ಸ್ಥಾನ ನನ್ನ ಅಕ್ಕನದು.

ನಾನು ಓಟಗಾರನಲ್ಲ. ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುವ ಅಂಗಡಿಯವನು. ಅಲುಗಾಡಬೇಡಿ, ನಗಬೇಡಿ ಎನ್ನುವುದೇ ನನ್ನ ಕಸುಬು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುವ ಅಕ್ಕ, ಐವತ್ತು ದಾಟಿದ ಮೇಲೆ ಓಡಲು ಶುರುಮಾಡಿ, ಒಮ್ಮೆಯಾದರೂ ತಾನು ಅಲುಗಾಡುತ್ತಿರುವ ಫೋಟೋ ಬೇಕೆಂದಳು. ಎದೆಯ ಮೇಲೆ ನಂಬರ್ ಇಲ್ಲದವರು ದಾರಿಯೊಳಗೆ ಕಾಲಿಡುವಂತಿಲ್ಲ ಎಂಬುದು ತಮ್ಮ ನಿಯಮ. ಹಾಗಾಗಿ ಅಂಗಡಿಯ ಮೆಟ್ಟಿಲಲ್ಲಿ ಉಳುಕಿದ ಪಾದಕ್ಕೆ ಪಟ್ಟಿ ಬಿಗಿದು ನಾನೂ ಓಟಗಾರನಾದೆ.

ತಮ್ಮ ಕೆಸರನ್ನು ಎಷ್ಟು ಹೊಗಳಿದರೂ ಸಾಲದು. ಅಂಗೈಯಗಲದ ಒಣನೆಲವೂ ಕಣ್ತಪ್ಪಿ ಉಳಿಯದಂತೆ, ಬಡವ ಬಲ್ಲಿದ ಎನ್ನದೆ ಎಲ್ಲರ ಕಾಲಿಗೂ ಸಮನಾಗಿ ಹಂಚಿದ್ದೀರಿ. ಅದರಲ್ಲಿ ಕುಂಟುತ್ತಾ, ಬೀಳುತ್ತಾ, ಬಿದ್ದಾಗಲೆಲ್ಲ ಕ್ಯಾಮೆರಾವನ್ನು ಮಗುವಿನಂತೆ ಮೇಲೆತ್ತಿ ಹಿಡಿಯುತ್ತಾ ಮುಂದಿದ್ದ ಅಕ್ಕನ ಬೆನ್ನಿನ ಚಿತ್ರ ತೆಗೆದೆ. ಮುಖ ತೋರಿಸೆಂದು ಕೂಗಿದರೆ, ತಿರುಗಿದರೆ ಜಾರುತ್ತೇನೆಂದು ಬೈದಳು. ಮುಖವನ್ನು ಕೊನೆಯಲ್ಲಿ, ಗುರಿಯಲ್ಲಿ ನಿಲ್ಲಿಸಿದ್ದ ತಮ್ಮ ಗಾಳಿ ತುಂಬಿದ ಕಮಾನಿನ ಕೆಳಗೆ ತೆಗೆಯುವುದೆಂದು ಒಪ್ಪಂದವಾಯಿತು.

ಹಳ್ಳದ ಬಳಿ ಕೆಸರು ಅವಳ ಬೂಟನ್ನು ನುಂಗಿತಂತೆ. ಅದನ್ನು ಕಿತ್ತು ತೊಳೆಯಲು ಅವಳು ಪೊದೆಯಾಚೆ ನೀರಿಗಿಳಿದಾಗ, ಲೆನ್ಸ್ ಒರೆಸುವುದರಲ್ಲೇ ಮುಳುಗಿದ್ದ ನಾನು ಅವಳನ್ನು ದಾಟಿ ಹೋದೆ. ಕೊನೆಯ ಓಟಗಾರನ ಹಿಂದೆ ನಡೆಯುತ್ತಾ, ದಾರಿ ತೋರಿಸುವ ಕೆಂಪು ಬಾವುಟಗಳನ್ನು ಕಿತ್ತು ಚೀಲಕ್ಕೆ ತುಂಬುವ ತಮ್ಮ ಸ್ವಯಂಸೇವಕರು ನನ್ನ ಬೆನ್ನಿಗೇ ಬಂದು, ಹಿಂದೆ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದರು. ಅಕ್ಕ ಮುಂದಿದ್ದಾಳೆ, ನಾನೇ ಕೊನೆ ಎಂದು ಹಲ್ಲು ಕಿರಿದವನು ನಾನೇ. ಕುಂಟನಿಗಿಂತ ಹಿಂದೆ ಯಾರಿದ್ದಾರು ಎಂದು ಅವರೂ ನಂಬಿ ಬಾವುಟ ಕಿತ್ತರು.

ಬೂಟು ತೊಳೆದು ಮೇಲೆ ಬಂದ ಅಕ್ಕನಿಗೆ ಬರೀ ಕೆಸರು ಕಂಡಿತು. ಇತ್ತ ಮೈದಾನದಲ್ಲಿ ನಾನು ಬಟ್ಟಲು ಹಿಡಿದುಕೊಂಡು, ಅಕ್ಕನನ್ನು ಕಂಡಿರಾ ಎಂದು ಸಿಕ್ಕಸಿಕ್ಕವರನ್ನು ಕೇಳುತ್ತಿದ್ದರೆ, ಕೊನೆಯವರೇ ಬಂದ ಮೇಲೆ ಇನ್ನು ಯಾರೂ ಬಾಕಿ ಇರಲಾರರು ಎಂದು ತಾವು ತರ್ಕಬದ್ಧವಾಗಿ ಸಮಾಧಾನ ಹೇಳಿದಿರಿ. ಅಕ್ಕ ಇಟ್ಟಿಗೆ ಗೂಡು, ಕೋಳಿ ಫಾರಂ ಎಲ್ಲ ಸುತ್ತಿ, ತಾವು ಗೊತ್ತುಮಾಡಿದ್ದಕ್ಕಿಂತ ಹೆಚ್ಚೇ ಓಡಿ ಮೈದಾನಕ್ಕೆ ಬಂದಾಗ ಕಮಾನಿನ ಗಾಳಿ ತೆಗೆದಾಗಿತ್ತು. ಗುರಿಯೇ ಇಲ್ಲದ ಮೇಲೆ ಗುರಿ ಮುಟ್ಟಿದಂತಾಗುವುದಿಲ್ಲವೆಂದು ತಾವು ತೀರ್ಪಿತ್ತಿರಿ. ಅವಳು ನನ್ನ ಕೈಯ ಬಟ್ಟಲನ್ನು ನೋಡಿ, "ಕೊನೆಗೆ ಬಂದವಳು ನಾನು ಕಣೋ. ಅದನ್ನಾದ್ರೂ ನನ್ನ ಹೆಸರಿಗೆ ಬರೆಸು" ಅಂದಳು.

ಆದ್ದರಿಂದ ತಾವು ಕಮಾನಿಗೆ ಮತ್ತೆ ಗಾಳಿ ತುಂಬಿಸಿ, ಕಿತ್ತ ಬಾವುಟಗಳನ್ನು ಅವೇ ಗುಣಿಗಳಲ್ಲಿ ನೆಟ್ಟು, ಚದುರಿದ ಜನರನ್ನು ಮನೆಮನೆಯಿಂದ ಕರೆತಂದು, ಅದೇ ಮೈಕಿನಲ್ಲಿ ಅವಳ ಹೆಸರನ್ನು ಕೂಗಿಸಬೇಕೆಂದು ವಿನಂತಿ. ಕೆಸರನ್ನು ಬೇಕಿದ್ದರೆ ನಾನೇ ತರುತ್ತೇನೆ; ನನ್ನ ಬೂಟಿನಲ್ಲಿ ಸಾಕಷ್ಟಿದೆ.

ಕುಂಟುತ್ತಲೇ ತಮ್ಮ ವಿಶ್ವಾಸಿ,
ಕೊನೆಯಿಂದ ಎರಡನೆಯವನು

ವಿ.ಸೂ.: ಮುಂದಿನ ಓಟದ ಜಾಹೀರಾತಿಗೆ ಒಳ್ಳೆಯ ಚಿತ್ರಗಳಿದ್ದರೆ ಕಳಿಸಿರೆಂದು ತಮ್ಮ ಕಚೇರಿ ಕೇಳಿದೆ. ಒಂದೇ ಒಂದು ಸ್ಪಷ್ಟವಾಗಿ ಬಂದಿದೆ: ತಮ್ಮವರಿಬ್ಬರು ಕಮಾನನ್ನು ಚಾಪೆಯಂತೆ ಸುತ್ತುತ್ತಿದ್ದಾರೆ, ಅಕ್ಕ ಅದನ್ನು ದಾಟಿ ಓಡಿಬರುತ್ತಿದ್ದಾಳೆ, ಮುಖ ಪೂರ್ತಿ ಕಾಣುತ್ತದೆ. ಅದನ್ನು ಕಳಿಸಲಾರೆ. ಅಂಗಡಿಯ ಗಾಜಿನೊಳಗೆ ದೊಡ್ಡದಾಗಿ ಹಾಕಿ, ಓಟ ಮುಗಿಸಿದ ಕೊನೆಯವರು ಎಂದು ಕೆಳಗೆ ಅವಳ ಹೆಸರು ಬರೆದಿದ್ದೇನೆ. ತಾವೂ ತಮ್ಮ ಪಟ್ಟಿಯಲ್ಲಿ ಹಾಗೆ ಬರೆಯುವವರೆಗೂ ಅದು ಅಲ್ಲೇ ಇರುತ್ತದೆ.