ಗಜಕರ್ಣವು ದೇವರಲ್ಲವೆಂದು ತಿಳಿಸಿ, ಆನೆಯ ಬಾಲದ ಬಗ್ಗೆ ಕೋರಿಕೆ

ಇಂದ:
ತಿಪ್ಪೇಸ್ವಾಮಿ,
ನಿಹಾರಿಕಾಳ (ಎರಡನೇ ತರಗತಿ, ಬಿ ವಿಭಾಗ) ತಂದೆ,
ಇಂದಿರಾಪುರಂ, ಗಾಜಿಯಾಬಾದ್.

ಗೆ:
ಪ್ರಾಂಶುಪಾಲರು, ನಿಹಾರಿಕಾಳ ಶಾಲೆ.
(ಸಂಗೀತದ ಚಿದಂಬರ ಸರ್ ಅವರು ಹಿಂದಿಯಲ್ಲಿ ಓದಿ ಹೇಳುವ ಮೂಲಕ)

ವಿಷಯ: ರಜೆಯ ಕಾರಣವನ್ನು ಪೂಜೆಯಿಂದ ಚರ್ಮರೋಗಕ್ಕೆ ಬದಲಾಯಿಸಿ, ಆನೆಯ ಪಾತ್ರವನ್ನು ಹಿಂದಿರುಗಿಸುವ ಕುರಿತು.

ಉಲ್ಲೇಖ: 1. ಸೋಮವಾರ ನಾನೇ ಹಿಂದಿಯಲ್ಲಿ ಬರೆದ ಅರ್ಜಿ.
2. ಮಂಗಳವಾರ ಕ್ಲಾಸ್ ಟೀಚರ್ ಸಕ್ಸೇನಾ ಮೇಡಂ ಫೋನಿನಲ್ಲಿ ತಿಳಿಸಿದ ಅಭಿನಂದನೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ವಿನಂತಿಸುವುದೇನೆಂದರೆ,

1. ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಒಂದು ಬೆಕ್ಕಿನ ಮರಿ ಇರುತ್ತದೆ. ನನ್ನ ಮಗಳು ಅದನ್ನು ದಿನಾ ಎತ್ತಿಕೊಳ್ಳುತ್ತಿದ್ದ ಕಾರಣ, ಅವಳ ಎಡಗೈ ಮೇಲೆ ಬಳೆಯಷ್ಟು ದುಂಡಗಿನ ಕೆಂಪು ಗುರುತು ಎದ್ದಿತು. ಡಾಕ್ಟರು ಅಂಟುರೋಗವೆಂದು ಹೇಳಿ, ಮುಲಾಮು ಕೊಟ್ಟು, ಹತ್ತು ದಿನ ಮನೆಯಲ್ಲಿರಿಸಲು ಸೂಚಿಸಿದರು. ಇದಕ್ಕೆ ನಮ್ಮ ಕಡೆ ಗಜಕರ್ಣ ಎನ್ನುತ್ತಾರೆ.

2. ನನ್ನ ಹಿಂದಿ ಪಿತ್ರಾರ್ಜಿತವಲ್ಲ, ಸ್ವಯಾರ್ಜಿತ. ಆಟೋ ಭಯ್ಯಾ, ತರಕಾರಿ ಭಯ್ಯಾಗಳಿಂದ ಕಲಿತದ್ದು. ಅವರಲ್ಲಿ ಯಾರಿಗೂ ಗಜಕರ್ಣ ಆಗದ ಕಾರಣ ಆ ಪದ ನನಗೆ ಸಿಕ್ಕಿರಲಿಲ್ಲ. ಸಂಸ್ಕೃತದ ಹಾಗೆ ಕೇಳಿಸುವ ಕನ್ನಡ ಪದವೆಲ್ಲ ಹಿಂದಿಯೂ ಹೌದೆಂಬುದು ಎಂಟು ವರ್ಷದಿಂದ ನನ್ನ ಸಿದ್ಧಾಂತ. ಆದ್ದರಿಂದ 'ಬೇಟೀ ಕೋ ಗಜಕರ್ಣ್ ಹುವಾ ಹೈ, ದಸ್ ದಿನ್ ಕೀ ಛುಟ್ಟೀ' ಎಂದು ಬರೆದೆ.

3. ಮರುದಿನ ಸಕ್ಸೇನಾ ಮೇಡಂ ಫೋನು ಮಾಡಿ, "ಬಧಾಯೀ ಹೋ ಜೀ. ಗಜಕರ್ಣ್ ತೋ ಗಣೇಶ್‌ಜೀ ಕಾ ನಾಮ್ ಹೈ ನಾ? ದಸ್ ದಿನ್ ಕೀ ಪೂಜಾ?" ಎಂದರು. ಡೆಲ್ಲಿ ಕಡೆ ರೋಗವನ್ನೂ ಇಷ್ಟು ಗೌರವದಿಂದ ಕಾಣುತ್ತಾರಲ್ಲ ಎಂದು ನನಗೆ ಸಂತೋಷವೇ ಆಯಿತು. "ಪ್ರಸಾದ್ ಸಬ್ ಬಚ್ಚೋಂ ಕೋ ಮಿಲೇಗಾ ನಾ?" ಎಂದರು. ರೋಗ ಅಂಟುವುದಕ್ಕೆ ನಾವೂ ತಮಾಷೆಗೆ ಪ್ರಸಾದ ಹಂಚುವುದು ಎನ್ನುವ ಕಾರಣ, "ನಹೀಂ ಜೀ, ಒಬ್ಬರಿಗೂ ಸಿಗಬಾರದು, ಅದಕ್ಕೇ ಮನೆಯಲ್ಲಿಟ್ಟಿದ್ದೇವೆ" ಎಂದು ಹಿಂದಿಯಲ್ಲಿ ಭರವಸೆ ಕೊಟ್ಟೆ. ಮೇಡಂ "ಅಚ್ಛಾ" ಎಂದರು. ಆ ಅಚ್ಛಾದಲ್ಲಿ ಒಳ್ಳೆಯದೇನೂ ಇರಲಿಲ್ಲ.

4. ಸಂಜೆ ಸಂದೇಶ ಬಂತು: ಮನೆಯ ಸಮಾರಂಭಕ್ಕೆ ಮೂರು ದಿನಕ್ಕಿಂತ ಹೆಚ್ಚು ರಜೆ ಹಾಕಿದರೆ ವಾರ್ಷಿಕೋತ್ಸವದಲ್ಲಿ ಪಾತ್ರವಿಲ್ಲ. ನಿಹಾರಿಕಾ ಐದು ಆನೆಗಳ ಸಾಲಿನಲ್ಲಿ ಮೊದಲನೆಯ ಆನೆ. ನನ್ನ ಹೆಂಡತಿ ಜಲಜಾ ಬೂದು ಬೆಡ್‌ಶೀಟು ಕತ್ತರಿಸಿ ಎರಡು ಕಿವಿ ಹೊಲಿದಾಗಿತ್ತು.

5. ಶಾಲೆಯಲ್ಲಿ ಸುದ್ದಿ ಕೇಳಿದ, ನಮ್ಮ ಕಡೆಯವರೇ ಆದ ಚಿದಂಬರ ಸರ್ ಫೋನು ಮಾಡಿ, "ಹಿಂದೀಲಿ ಅದಕ್ಕೆ ದಾದ್ ಅಂತಾರೆ ಸ್ವಾಮೀ. ನೀವು ಗಣಪತೀನ ರೋಗ ಮಾಡಿದ್ರಿ, ಅವರು ರೋಗಾನ ಗಣಪತಿ ಮಾಡಿದ್ರು" ಎಂದು ನಕ್ಕರು. (ಸರ್, ನೀವು ನಕ್ಕದ್ದನ್ನು ಬಿಟ್ಟು ಓದಿ.)

6. ಕೂಡಲೇ ತಿದ್ದುಪಡಿ ಸಲ್ಲಿಸಲು ಹೊರಟಾಗ ಮಗಳು ತಡೆದಳು. "ಪಪ್ಪಾ, ಪೂಜಾ ಅಂತಾನೇ ರಹನೇ ದೋ ನಾ. ದಾದ್ ಅಂದ್ರೆ ಪ್ರೇರಣಾ ಮೇರೀ ಪೂಂಛ್ ನಹೀಂ ಪಕಡೇಗೀ."

ಪ್ರೇರಣಾ ಎಂಬುವಳು ಎರಡನೇ ಆನೆ. ಪೂಂಛ್ ಎಂದರೆ ಬಾಲ. ಇದನ್ನು ಈ ಸಲ ಇಬ್ಬರ ಬಳಿ ವಿಚಾರಿಸಿದ್ದೇನೆ. ಸಾಲಿನಲ್ಲಿ ಹಿಂದಿನ ಆನೆ ಮುಂದಿನ ಆನೆಯ ಬಾಲ ಹಿಡಿಯಬೇಕು. ಪೂಜೆ ಎಂದರೆ ಪಾತ್ರ ಹೋಗುತ್ತದೆ, ರೋಗ ಎಂದರೆ ಬಾಲ ಅನಾಥವಾಗುತ್ತದೆ. ಈ ಇಕ್ಕಟ್ಟಿನಲ್ಲಿ ಅವಳು ಎರಡು ದಿನದಿಂದ ಕಿವಿ ಕಟ್ಟಿಕೊಂಡೇ ಊಟ ಮಾಡುತ್ತಿದ್ದಾಳೆ.

7. ವಾರ್ಷಿಕೋತ್ಸವಕ್ಕೆ ಇನ್ನೂ ಹದಿನೈದು ದಿನವಿದೆ. ಅಷ್ಟರಲ್ಲಿ ಗುರುತು ಪೂರ್ತಿ ಮಾಯುತ್ತದೆಂದು ಡಾಕ್ಟರು ಬರೆದುಕೊಟ್ಟಿದ್ದಾರೆ.

ಆದ್ದರಿಂದ, ರಜೆಯನ್ನು ಶಾಲೆಯ ದಾಖಲೆಯಲ್ಲಿ ರೋಗವೆಂದೇ ನಮೂದಿಸಿ ಪಾತ್ರವನ್ನು ಉಳಿಸಬೇಕಾಗಿಯೂ, ರೋಗದ ಹೆಸರನ್ನು ತರಗತಿಯಲ್ಲಿ ಕೂಗದಿರಬೇಕಾಗಿಯೂ ಕೋರುತ್ತೇನೆ. ಯಾರಾದರೂ ಕೇಳಿದಲ್ಲಿ ಗಜಕರ್ಣ ಎನ್ನಬಹುದು. ಅದು ಸುಳ್ಳಲ್ಲ.

ಇನ್ನು ಮುಂದೆ ತಮಗೆ ಹಿಂದಿಯಲ್ಲಿ ಬರೆಯುವುದಿಲ್ಲವೆಂಬ ವಾಗ್ದಾನದೊಂದಿಗೆ,

ತಮ್ಮ ವಿಶ್ವಾಸಿ,
ತಿಪ್ಪೇಸ್ವಾಮಿ

ಅಡಕಗಳು:
1. ಡಾಕ್ಟರ ಚೀಟಿ.
2. ಸಕ್ಸೇನಾ ಮೇಡಂ ಅವರಿಗೆ ಒಂದು ಡಬ್ಬಿ ಮೋದಕ (ಪ್ರಸಾದವಲ್ಲ, ಕ್ಷಮಾಪಣೆ).
3. ನನ್ನ ಅಳತೆ: ಸೊಂಟ ಮೂವತ್ತೆಂಟು, ತಲೆ ಇಪ್ಪತ್ಮೂರು ಇಂಚು.

ಮೂರನೆಯದರ ಬಗ್ಗೆ ವಿವರಣೆ: ಇಷ್ಟಾಗಿಯೂ ಮೊದಲನೆಯ ಆನೆಯ ಬಾಲ ಹಿಡಿಯಲು ಯಾರೂ ಮುಂದೆ ಬಾರದಿದ್ದಲ್ಲಿ, ಎರಡನೇ ಆನೆಯಾಗಿ ನನ್ನನ್ನು ನೇಮಿಸಿಕೊಳ್ಳಬೇಕಾಗಿ ವಿನಂತಿ. ಬೆಡ್‌ಶೀಟು ಇನ್ನೂ ಅರ್ಧ ಉಳಿದಿದೆ.